ಸರಳಾಳ ಕಾಲೇಜು ಪಟ್ಟಿ

ನಾಲ್ಕು ಮಂದಿಯನ್ನು ಕೇಳಿ ಮಾಡು ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಆ ಮಾತಿಗಿಷ್ಟು ಬೆಂಕಿ ಹಾಕಬೇಕು. ಸರಳಾ ಕೇಳಿದ ನಾಲ್ಕು ಮಂದಿಯಲ್ಲಿ ನಾನೂ ಒಬ್ಬಳು.

ಸರಳಾ ಧಾರವಾಡದ ಕೋರ್ಟಿನಲ್ಲಿ ಆರು ವರ್ಷ ವಕೀಲಿ ಮಾಡಿದವಳು. ಜೀವನಾಂಶದ ಕೇಸು ಅಂದರೆ ಹೆಂಗಸರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರಂತೆ. ಗಂಡ ಶರಣ್‌ಗೆ ಆಮ್ಸ್ಟರ್‌ಡ್ಯಾಮಿನಲ್ಲಿ ಕೆಲಸ ಸಿಕ್ಕಿ, 2012ರಲ್ಲಿ ಮಗಳನ್ನೆತ್ತಿಕೊಂಡು ಪಕ್ಕದ ಆಮ್ಸ್ಟೆಲ್‌ವೀನಿಗೆ ಬಂದಳು. ಅವರ ಕೆಳಗಿನ ಮನೆ ನಮ್ಮದು. ನಾನು ಹುಬ್ಬಳ್ಳಿಯವಳು, ಹದಿನೈದು ವರ್ಷದಿಂದ ಇಲ್ಲಿದ್ದೇನೆ, ಎಲ್ಲರಿಗೂ ಲೀಲಕ್ಕ. ಇಲ್ಲಿಯ ಕಾಯ್ದೆ ಬೇರೆ, ಅದೂ ಡಚ್ಚಿನಲ್ಲಿ. ಸರಳಾಳ ವಕೀಲಿ ಸನದು ಬೀರುವಿನಲ್ಲಿ ಮಲಗಿತು. ಅವಳ ಪಾಲಿಗೆ ಉಳಿದದ್ದು ಅಡುಗೆ, ಮತ್ತು ಮಗಳನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟು ಬರುವುದು, ಕರೆದು ತರುವುದು.

2014ರಲ್ಲಿ ಶರಣ್‌ನ ಕಂಪನಿಯವರು ಅವನನ್ನು ಟೊರಾಂಟೊಗೆ ಕಳಿಸುವ ಮಾತೆತ್ತಿದರು. ಸರಳಾಗೆ ಜೀವ ಬಂತು. ಕೆನಡಾದಲ್ಲಿ ಒಂದೆರಡು ವರ್ಷ ಕಾನೂನು ಓದಿ ಪರೀಕ್ಷೆಗಳನ್ನು ಮುಗಿಸಿದರೆ ಮತ್ತೆ ಕರಿ ಕೋಟು ಹಾಕಬಹುದು. ಹುಡುಕಿ ಹುಡುಕಿ ನಾಲ್ಕು ಊರಿನ ಕಾಲೇಜು ಆರಿಸಿದಳು: ಟೊರಾಂಟೊ, ವ್ಯಾಂಕೂವರ್, ಕ್ಯಾಲ್ಗರಿ, ಹ್ಯಾಲಿಫ್ಯಾಕ್ಸ್. ಮನಸ್ಸು ಮಾತ್ರ ಹ್ಯಾಲಿಫ್ಯಾಕ್ಸ್ ಮೇಲೆ. ಅವಳ ಚಿಕ್ಕಪ್ಪನ ಮಗಳು ದೀಕ್ಷಾ ಆ ಊರಲ್ಲಿದ್ದಳು.

ಇಷ್ಟಾದ ಮೇಲೆ ಬಾಯಿಮುಚ್ಚಿಕೊಂಡು ಅರ್ಜಿ ಹಾಕಬೇಕೋ ಬೇಡವೋ? ನಾಗರಪಂಚಮಿಯ ಊಟಕ್ಕೆ ನಮ್ಮನ್ನು ಕರೆದು, ಪಟ್ಟಿಯನ್ನು ತಂದು ಮೇಜಿನ ಮೇಲಿಟ್ಟಳು ಪುಣ್ಯಾತಗಿತ್ತಿ.

"ವ್ಯಾಂಕೂವರ್ ರೆಂಟ್ ಕೇಳಿದ್ರೆ ತಲೆ ತಿರುಗುತ್ತೆ," ಅಂದ ದಿವಾಕರ. ಶರಣ್‌ನ ಜೊತೆ ಕೆಲಸ ಮಾಡುವ ಬೆಂಗಳೂರಿನವನು, ಕೆನಡಾವನ್ನು ಕಣ್ಣಲ್ಲೂ ಕಂಡವನಲ್ಲ.

"ಕ್ಯಾಲ್ಗರಿ ಮೈನಸ್ ತರ್ಟಿ ಕಣೇ, ಮಗು ಗತಿ ಏನು?" ಅಂದಳು ಅವನ ಹೆಂಡತಿ ಶ್ರಾವ್ಯ.

ನಾನು ಬಿಟ್ಟೇನೆಯೆ? "ಹ್ಯಾಲಿಫ್ಯಾಕ್ಸಿನ್ಯಾಗ ನಮ್ಮ ಮಂದೀನ ಇಲ್ಲವ್ವಾ. ಜ್ವಾಳದ ಹಿಟ್ಟಿಗೂ ವಿಮಾನ ಹತ್ತಬೇಕು ನೋಡು," ಅಂದೆ. ಎಲ್ಲರೂ ನಕ್ಕರು. ಎಂಥಾ ಮಾತಾಡಿದೆ ಅಂತ ನಾನೂ ಬೀಗಿದೆ.

ಶರಣ್ ಪೆನ್ನು ತೆಗೆದು ಮೂರಕ್ಕೂ ಗೆರೆ ಹೊಡೆದ. "ಟೊರಾಂಟೊ ಒಂದಕ್ಕ ಹಾಕು. ನಾವು ಹೋಗೋದು ಅಲ್ಲಿಗೇನ ಅಲ್ಲ?"

"ನಿಮ್ಮ ಟ್ರಾನ್ಸ್‌ಫರ್ ಆಗಲಿಲ್ಲಂದ್ರ?"

"ಆಗ್ತದ. ನೀ ಭಾಳ ವಿಚಾರ ಮಾಡಬ್ಯಾಡ."

ಮಾರ್ಚಿನಲ್ಲಿ ಟೊರಾಂಟೊದಿಂದ ಸೀಟು ಸಿಕ್ಕಿದ ಪತ್ರ ಬಂತು. ಮನೆಮನೆಗೆ ಪೇಡೆ ಕೊಟ್ಟಳು. ಏಪ್ರಿಲಿನಲ್ಲಿ ಕಂಪನಿ ಶರಣ್‌ಗೆ ಇಲ್ಲೇ ಬಡ್ತಿ ಕೊಟ್ಟಿತು. ಹೆಂಡತಿಯನ್ನು ಒಂದು ಮಾತು ಕೇಳದೆ ಸಹಿ ಹಾಕಿ ಬಂದ ಮಹಾನುಭಾವ. ಸಣ್ಣ ಮಗಳನ್ನು ಕಟ್ಟಿಕೊಂಡು, ಗುರುತಿಲ್ಲದ ಊರಲ್ಲಿ ಒಬ್ಬಳೇ ಹೇಗೆ ಓದಬೇಕು? ಹ್ಯಾಲಿಫ್ಯಾಕ್ಸ್ ಆಗಿದ್ದರೆ ದೀಕ್ಷಾಳ ಮನೆಯಿತ್ತು. ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಅಂತ ದೀಕ್ಷಾ ಮೊದಲೇ ಹೇಳಿದ್ದಳಂತೆ. ಇದು ನನಗೆ ತಿಳಿದದ್ದು ಆಮೇಲೆ. ಥೂ, ನನ್ನ ನಾಲಿಗೆ ಸೇದಿಹೋಗಬಾರದಿತ್ತೆ ಆವತ್ತು!

ಸೀಟು ಬೇಡವೆಂದು ಸರಳಾ ಬರೆದು ಕಳಿಸಿದಳು. ಮುಂದಿನ ವರ್ಷ ನೋಡೋಣ ಅಂದ ಶರಣ್. ಮುಂದಿನ ವರ್ಷಕ್ಕೆ ದೀಕ್ಷಾ ಆ ಊರನ್ನೇ ಬಿಟ್ಟಿದ್ದಳು.

ಆ ವರ್ಷದ ದೀಪಾವಳಿ ಊಟಕ್ಕೆ ಮತ್ತೆ ನಾವೇ ಕೂತಿದ್ದೆವು. ಮನೆ ಖಾಲಿ ಮಾಡಿ ಅಂತ ಮಾಲೀಕ ಕಾಗದ ಕಳಿಸಿದ್ದಾನೆ, ಏನು ಮಾಡೋದು ಅಂತ ದಿವಾಕರ ಗೋಳಾಡಿದ.

ಶರಣ್ ನಕ್ಕ. "ನಮ್ಮ ಮನ್ಯಾಗ ವಕೀಲರಿದ್ದಾರಲ್ಲೋ, ಕೇಳು!"

ಬಡಿಸುತ್ತಿದ್ದ ಸರಳಾ ಪಾತ್ರೆ ಕೆಳಗಿಟ್ಟಳು. "ಕೋರ್ಟಿನ್ಯಾಗ ಕಳ್ಳಗೂ ಕೇಳ್ತಾರ್ರೀ, ನಿನ್ನ ಮಾತೇನಪಾ ಅಂತ. ನನ್ನ ಕೇಸಿನ್ಯಾಗ ನನ್ನ ಯಾರು ಕೇಳಿದ್ರಿ?"

ತಪ್ಪಾತವ್ವಾ ಅನ್ನಬೇಕೆಂದು ನಾನು ಬಾಯಿ ತೆರೆದೆ.

"ನೀವು ಏನೂ ಹೇಳಬ್ಯಾಡ್ರಿ ಲೀಲಕ್ಕ," ಅಂದಳು. "ನಿಮ್ಮ ಮಾತು ಒಮ್ಮೆ ಕೇಳೀನಿ."