ಮುಂದಿನ ಸೀಟಿನ ಬೆಲ್ಟ್

ಯಾರಿಗೆ ಹೇಳಿದರೂ ಕಾರಿನ ಸೆನ್ಸರ್ ಹಾಳಾಗಿರಬೇಕು ಅನ್ನುತ್ತಾರೆ. ಅಂದು ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಡೆದದ್ದು ನಡೆದದ್ದೇ, ಒಂದಕ್ಷರವೂ ಸೇರಿಸಿಲ್ಲ.

ಅಮ್ಮನ ತಮ್ಮ, ನನ್ನ ಮಾವ, ಹೆಂಡತಿಯ ತವರಾದ ಸಂಪಾಜೆಗೆ ಹೋಗಿದ್ದವರು. ಅಜ್ಜಾವರಕ್ಕೆ ವಾಪಸು ಬರಲು ಬಸ್ಸಿಗೆ ಕಾಯುತ್ತಾ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತಲ್ಲೇ ತೀರಿಹೋದರು. ಆ ಆಘಾತಕ್ಕೆ ಜ್ವರ ಹಿಡಿದು ಅತ್ತೆ ತವರಲ್ಲೇ ಉಳಿದಿದ್ದರು.

ನಮ್ಮಲ್ಲಿ ಹದಿನಾರನೆಯ ದಿನದ ರಾತ್ರಿ ಸತ್ತವರನ್ನು ಮನೆಯೊಳಗೆ ಕರೆಯುವ ಕ್ರಮವಿದೆ. ಕೋಣೆಯಲ್ಲಿ ಎಲೆ ಬಡಿಸಿ, ಬಾಗಿಲು ಮುಚ್ಚಿ, ಹೊರಗೆ ನಿಂತು ಮೂರು ಸಲ ಹೆಸರು ಹಿಡಿದು ಕರೆಯುತ್ತಾರೆ. ಅನ್ನ ಕದಡಿದ್ದರೆ ಬಂದರೆಂದು ಲೆಕ್ಕ. ಬಾರದವರು ಹೊರಗೇ ಉಳಿಯುತ್ತಾರೆ. ಅತ್ತೆಗೆ ಅದೊಂದೇ ಚಿಂತೆ.

ಹದಿನಾರನೆಯ ದಿನ, ಬೇಗ ಹೋಗಿ ಬೇಗ ಬರುವ ಎಂದು ಅಮ್ಮನೂ ನಾನೂ ಕಾರಿನಲ್ಲಿ ಅವರನ್ನು ಕರೆತರಲು ಹೊರಟೆವು. ವಾಪಸು ಹೊರಡುವಾಗ ಕತ್ತಲಾಗಿತ್ತು. ಆ ಬಸ್ ಸ್ಟ್ಯಾಂಡ್ ಬಂದಾಗ ಅತ್ತೆ, “ಒಮ್ಮೆ ನಿಲ್ಸು” ಎಂದರು.

ಇಳಿದು ನನ್ನ ಪಕ್ಕದ ಸೀಟಿನ ಬಾಗಿಲು ತೆರೆದರು. ಖಾಲಿ ಬೆಂಚಿನತ್ತ ನೋಡಿ ಮೆಲ್ಲಗೆ, “ಬನ್ನಿ, ಮನೆಗೆ ಹೋಗುವ. ಕಾರುಂಟು, ಇನ್ನು ಬಸ್ಸಿಗೆ ಕಾಯುದು ಬೇಡ” ಎಂದರು. ಸ್ವಲ್ಪ ಹೊತ್ತು ನಿಂತು, ಬಾಗಿಲು ಹಾಕಿ, ಹಿಂದೆ ಅಮ್ಮನ ಬಳಿ ಕೂತರು.

ಕಾರು ಹೊರಟಿತು... ಟಿಂಗ್... ಟಿಂಗ್... ಟಿಂಗ್...

ಪಕ್ಕದವರು ಬೆಲ್ಟ್ ಹಾಕಿಲ್ಲವಂತೆ. ಆ ಸೀಟಿನ ಮೇಲೆ ಒಂದು ಕೈಚೀಲವೂ ಇರಲಿಲ್ಲ.

“ಎಂತ ಅದು?” ಅಮ್ಮ ಪಿಸುಗುಟ್ಟಿದರು.

“ಎಂತ ಇಲ್ಲ. ವಯರ್ ಲೂಸ್ ಆಗಿರ್ಬೇಕು.”

ಗಾಜು ಏರಿಸಿದ್ದರೂ ನಸ್ಯದ ಘಾಟು ಮೂಗಿಗೆ ಹೊಡೆಯಿತು... ಮಾವ ಏರಿಸುತ್ತಿದ್ದ ನಸ್ಯ.

ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಅರಂತೋಡಿನಲ್ಲಿ ಕಾರು ನಿಲ್ಲಿಸಿ, ಖಾಲಿ ಸೀಟಿನ ಬೆಲ್ಟ್ ಎಳೆದು ಸಿಕ್ಕಿಸಿದೆ. ಯಾಕೋ ಬಹಳ ಉದ್ದ ಎಳೆಯಬೇಕಾಯಿತು. ಮಾವನ ಹೊಟ್ಟೆ ದೊಡ್ಡದು. ಶಬ್ದವೇನೋ ನಿಂತಿತು.

ಮನೆ ತಲುಪಿದಾಗ ಅತ್ತೆ ಮುಂದಿನ ಬಾಗಿಲು ತೆರೆದು, “ಇಳೀರಿ” ಎಂದು ಹೇಳಿ ಒಳಗೆ ನಡೆದರು.

ಎಲೆ ಬಡಿಸಿ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಮಾವನ ಅಣ್ಣ ಕರೆದರು. “ಕುಶಾಲಪ್ಪಾ, ಒಳಗೆ ಬಾ.” ಬಾಗಿಲು ತೆಗೆದು ನೋಡಿದರೆ ಎಲೆ ಬಡಿಸಿದಂತೆಯೇ ಇತ್ತು. ಎರಡನೆಯ ಸಲವೂ ಅಷ್ಟೆ.

“ನಾನೇ ಕರ್ಕೊಂಡು ಬಂದದ್ದಲ್ವಾ... ದಾರಿಯಲ್ಲಿ ಎಲ್ಲಿಯೂ ಇಳಿಲಿಲ್ಲ ಅವ್ರು” ಎನ್ನುತ್ತಾ ಅತ್ತೆ ಅಲ್ಲೇ ಕುಸಿದು ಅತ್ತರು.

ನನಗೆ ಬೆಲ್ಟ್ ನೆನಪಾಯಿತು. ಅಂಗಳಕ್ಕೆ ಓಡಿದೆ. ಕಾರಿನ ಬಾಗಿಲು ತೆರೆದೇ ಇತ್ತು. ಬೆಲ್ಟ್ ಮುಂದಕ್ಕೆ ಬಿಗಿದು ನಿಂತಿತ್ತು... ಯಾರೋ ಏಳಲು ನೋಡುತ್ತಿರುವ ಹಾಗೆ.

ಗುಂಡಿ ಒತ್ತಿದೆ. ಬೆಲ್ಟ್ ಸರ್ರನೆ ಹಿಂದಕ್ಕೆ ಹೋಯಿತು. ನಸ್ಯದ ವಾಸನೆ ನನ್ನ ಭುಜ ಸವರಿಕೊಂಡು ಮನೆಯ ಕಡೆಗೆ ಹೋಯಿತು.

ಒಳಗೆ ಮೂರನೆಯ ಸಲ ಕರೆದದ್ದು ಕೇಳಿಸಿತು. ಬಾಗಿಲು ತೆರೆದ ಸದ್ದು. ಆಮೇಲೆ ಅತ್ತೆಯ ದನಿ, “ಬಂದ್ರು.”

ಗ್ಯಾರೇಜಿನವ ಎರಡು ಸಲ ಪರೀಕ್ಷೆ ಮಾಡಿ, “ಸೆನ್ಸರಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ” ಎಂದ. ಅತ್ತೆ ಈಗ ನೆಮ್ಮದಿಯಾಗಿದ್ದಾರೆ. ಮನೆಯ ಅಂಗಳದವರೆಗೆ ಬಂದ ಮಾವನನ್ನು ಕಟ್ಟಿಹಾಕಿದ್ದು ನಾನು ಎಂದು ಅವರಿಗೆ ಇನ್ನೂ ಹೇಳಿಲ್ಲ.