ಅಲ್ಲಾಡಿಸಬಾರದ ಟ್ಯೂಬು

ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ ಹಳಸಿದ ಸಾರಿನಂಥ ಬೆಚ್ಚಗಿನ ವಾಸನೆ ಮುಖಕ್ಕೆ ಬಡಿಯುತ್ತದೆ. ಸವಳಂಗ ರಸ್ತೆಯ ನಮ್ಮ ಲ್ಯಾಬಿನಲ್ಲಿ ಇದು ದಿನನಿತ್ಯದ ವಾಸನೆ. ಇವತ್ತು ಮಾತ್ರ ಕೈ ಅಲ್ಲೇ ನಿಂತಿತು. ಒಳಗೆ ಬ್ಯಾಕ್ಟೀರಿಯಾ ಬೆಳೆಯಲು ಇಟ್ಟಿದ್ದ ತಟ್ಟೆಗಳಲ್ಲಿ ಒಂದು ಅಮ್ಮನ ಮೂತ್ರದ್ದು. ವಾರದಿಂದ ಜ್ವರ, ಉರಿಮೂತ್ರ. ಮಾತ್ರೆ ಬದಲಾಯಿಸಿದರೂ ಇಳಿದಿಲ್ಲ. ಯಾವ ಔಷಧಿ ನಾಟುತ್ತದೆಂದು ಆ ತಟ್ಟೆಯೇ ಹೇಳಬೇಕಿತ್ತು. ತೆಗೆಯಲು ಹೆದರಿ ನಿಂತಾಗ ನೆನಪಾದವರು ನಮ್ಮ ಮೇಡಮ್...

ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ನಮಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದವರು. ಭದ್ರಾವತಿಯ ಓಲ್ಡ್ ಟೌನಿನಿಂದ ಬಸ್ಸಿನಲ್ಲಿ ಬರುತ್ತಿದ್ದರು, ಸೆರಗಿಗೆ ಸದಾ ಸೀಮೆಸುಣ್ಣ. ಬೋರ್ಡಿನ ಮೇಲೆ ಬ್ಯಾಕ್ಟೀರಿಯಾ ಬರೆದು ಅದರ ಮೈತುಂಬ ಕೂದಲು ಎಳೆಯುತ್ತಿದ್ದರು. ಗಿಡ್ಡ ಕೂದಲು ನಮ್ಮ ಒಡಲಿನ ಗೋಡೆಗೆ ಅಂಟಿಕೊಳ್ಳುವುದಕ್ಕೆ. ಉದ್ದನೆಯದೊಂದು, ಪೈಲಸ್, ಪಕ್ಕದ ಬ್ಯಾಕ್ಟೀರಿಯಾವನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಳ್ಳುವುದಕ್ಕೆ. ಹತ್ತಿರವಾದ ಮೇಲೆ, ಔಷಧಿಗೆ ಬಗ್ಗದ ಗುಣದ ಒಂದು ಪ್ರತಿ ಆಚೆಗೆ ದಾಟಿಬಿಡುತ್ತದೆ.

ಅದನ್ನು ಮಾಡಿಯೂ ತೋರಿಸಿದರು. ಔಷಧಿಗೆ ಸಾಯುವ ತಳಿ, ಸಾಯದ ತಳಿ, ಎರಡನ್ನೂ ಒಂದೇ ಟ್ಯೂಬಿಗೆ ಸುರಿದೆವು. ನಾನು ರೂಢಿಯಂತೆ ಕುಲುಕಲು ಹೋದೆ.

"ಅಲ್ಲಾಡಿಸ್ಬೇಡ ಮಾರಾಯ್ತಿ! ಕೂದ್ಲು ಹರಿದ್ಹೋಗುತ್ತೆ."

ಬೆಚ್ಚಗೆ, ಅಲುಗದಂತೆ ಇಟ್ಟು, ಆಮೇಲೆ ಅದರ ಹನಿಯನ್ನು ಔಷಧಿ ಬೆರೆಸಿದ ತಟ್ಟೆಗೆ ಸವರಿದೆವು. ಮರುದಿನ, ಸಾಯಬೇಕಿದ್ದ ತಳಿಯೂ ಅಲ್ಲಿ ಬೆಳೆದು ನಿಂತಿತ್ತು. ನಾವು ಚಪ್ಪಾಳೆ ಹೊಡೆದೆವು. ಅವರು ನಗಲಿಲ್ಲ. "ಇದೇ ನನ್ ಹೊಟ್ಟೇಲೂ ನಡೀತಿರಬಹುದು, ನಿಮ್ದ್ರಲ್ಲೂ. ಒಂಚೂರೂ ಗೊತ್ತಾಗಲ್ಲ," ಎಂದರು. ಅಂದಿನಿಂದ ಸುಮ್ಮನೆ ನಿಂತ ಟ್ಯೂಬು ಕಂಡರೂ ನನಗೆ ಭಯ.

ವರ್ಷಗಳ ನಂತರ ಅವರದೇ ರಕ್ತದ ಮಾದರಿ ನಮ್ಮ ಲ್ಯಾಬಿಗೆ ಬಂತು. ತಟ್ಟೆಯಲ್ಲಿಟ್ಟ ಔಷಧಿ ಬಿಲ್ಲೆಗಳ ಸುತ್ತ ಬ್ಯಾಕ್ಟೀರಿಯಾ ಸತ್ತು ತಿಳಿಯಾದ ವೃತ್ತ ಮೂಡಬೇಕು. ಇಲ್ಲಿ ಪ್ರತಿ ಬಿಲ್ಲೆಯ ಅಂಚಿನವರೆಗೂ ಬೆಳೆದು ಕೂತಿತ್ತು. ಆಸ್ಪತ್ರೆಯ ಹಾಸಿಗೆಯಿಂದಲೇ ಫೋನ್ ಮಾಡಿದರು.

"ಸುತ್ತಿ ಬಳಸಿ ಹೇಳ್ಬೇಡ. ಒಂದಾದ್ರೂ ಇದೆಯಾ?"

"ಇಲ್ಲ ಮೇಡಮ್."

"ಹೂಂ... ಚೆನ್ನಾಗ್ ನೋಡಿದ್ಯಲ್ಲ?"

ಎಲ್ಲ ತಿಳಿದವರ ಹೆದರಿಕೆಯನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಸಂಜೆ ನೋಡಲು ಹೋದೆ. ಅಲುಗದೆ ಮಲಗಿದ್ದರು. ಹುಚ್ಚು ಯೋಚನೆಯೆಂದು ಗೊತ್ತು, ಆದರೂ ಭುಜ ಹಿಡಿದು ಜೋರಾಗಿ ಅಲ್ಲಾಡಿಸಿಬಿಡಬೇಕು, ಒಳಗಿನ ಆ ಕೂದಲೆಲ್ಲ ಹರಿದುಹೋಗಲಿ ಎನಿಸಿತು... ಅವರು ಉಳಿಯಲಿಲ್ಲ.

ಇವತ್ತು ಕೊನೆಗೂ ಅಮ್ಮನ ತಟ್ಟೆ ಹೊರತೆಗೆದೆ. ಮೊದಲ ಬಿಲ್ಲೆಯ ಸುತ್ತ ವೃತ್ತವಿಲ್ಲ. ಪಕ್ಕದ್ದರಲ್ಲೂ ಇಲ್ಲ. ತಟ್ಟೆ ತಿರುಗಿಸಿದೆ. ಅಂಚಿನ ಒಂದೇ ಒಂದರ ಸುತ್ತ ತಿಳಿಯಾದ ವೃತ್ತವಿತ್ತು. ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಡಾಕ್ಟರಿಗೆ ಫೋನ್ ಮಾಡಿ ಔಷಧಿಯ ಹೆಸರು ಹೇಳಿದೆ. ಈ ಸಲಕ್ಕೆ ಒಂದಾದರೂ ಉಳಿದಿದೆ, ಮುಂದಿನ ಸಲದ್ದು ಯೋಚಿಸಲು ಧೈರ್ಯವಿಲ್ಲ.

ಯಾರೂ ಇಲ್ಲದ ಕೋಣೆಯಲ್ಲಿ ಬಾಯಿಂದ ತಾನಾಗಿ ಬಂತು: "ಒಂದಿದೆ ಮೇಡಮ್. ಚೆನ್ನಾಗೇ ನೋಡ್ದೆ."