ಹರಿಹರವೊಂದನ್ನು ಬಿಟ್ಟು

ಒಗಟು ಹೇಳುವ ಮೊದಲು ಟೀಚರ್ ಬಲಗೈ ಮುಷ್ಟಿ ಕಟ್ಟಿ ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಿದ್ದರು. ಹೆಬ್ಬೆರಳನ್ನು ಉಳಿದ ಬೆರಳುಗಳ ಒಳಗೆ ಅಡಗಿಸಿದ, ಎಳೆಯ ಮಕ್ಕಳು ಕಟ್ಟುವಂಥ ಮುಷ್ಟಿ. ಮುಂಗೈಯಲ್ಲಿ ಎರಡು ತೆಳು ಬಳೆ, ಉಗುರಿನ ಸಂದಿಯಲ್ಲಿ ಬೆಳಗಿನ ಅಡುಗೆಯ ಅರಿಶಿನ. ಉತ್ತರ ಬರುವವರೆಗೆ ಆ ಮುಷ್ಟಿ ಬಿಚ್ಚುತ್ತಿರಲಿಲ್ಲ. ನಡುವೆ ಚಹಾ ಬಂದರೆ ಎಡಗೈಯಲ್ಲೇ ಕುಡಿಯುತ್ತಿದ್ದರು. ಉತ್ತರ ಬಂತೆಂದರೆ ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಚ್ಚುವರು. ಒಳಗೆ ಏನೂ ಇಲ್ಲವೆಂದು ಗೊತ್ತಿದ್ದರೂ ಎದುರು ಕೂತವರು ಬಗ್ಗಿ ನೋಡುತ್ತಿದ್ದರು. ನಾನಂತೂ ಪ್ರತಿ ಸಲವೂ ನೋಡಿದ್ದೇನೆ.

ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಹುಟ್ಟುಹಬ್ಬದ ಬ್ಯಾನರು, ತಿಥಿಯ ಪತ್ರಿಕೆ ನನ್ನ ದಿನದ ಅನ್ನ. ಬ್ಯಾನರಿನಲ್ಲಿ ಅಂಗೈ ಅಗಲ ಜಾಗ ಉಳಿದರೂ ನಮ್ಮ ಗಿರಾಕಿಗಳಿಗೆ ಸಂಕಟ. ಅಲ್ಲೊಬ್ಬ ಭಾವಮೈದುನನ ಫೋಟೋ ಬರಲೇಬೇಕು. ಹೀಗೆ ತುಂಬಿಸುವುದರಲ್ಲಿ ನನ್ನ ಕೈ ಪಳಗಿತ್ತು. ಒಂದು ಮಧ್ಯಾಹ್ನ ಹರಿಹರದಿಂದ ಬಸ್ಸಿನಲ್ಲಿ ಬಂದಿಳಿದ ಪ್ರಾಥಮಿಕ ಶಾಲೆಯ ನಿವೃತ್ತ ಟೀಚರೊಬ್ಬರು ನಾನೇ ಮಾಡಿದ ಮದುವೆ ಕಾರ್ಡೊಂದನ್ನು ಮೇಜಿನ ಮೇಲಿಟ್ಟರು.

"ಇದನ್ನ ಮಾಡಿದ್ದು ನೀನೇನವ್ವ?"

"ಹೌದ್ರೀ. ಯಾಕ, ತಪ್ಪೈತಾ?"

"ತಪ್ಪೇನಿಲ್ಲ. ಉಸಿರಾಡಾಕ ಜಾಗ ಇಲ್ಲ ಅಷ್ಟೆ. ಇಷ್ಟು ತುಂಬಾಕ ಬಂದೋಳಿಗೆ ಖಾಲಿ ಬಿಡಾಕೂ ಬರ್ತೈತೆ ಅಂತ ಹುಡುಕ್ಕೊಂಡು ಬಂದೀನಿ."

ಹೊಗಳಿದರೋ ಬೈದರೋ ತಿಳಿಯದೆ ನನಗೆ ಸಿಟ್ಟೇ ಬಂತು. ಆಕೆ ಅದನ್ನು ಗಮನಿಸದವರಂತೆ ಮುಷ್ಟಿ ಕಟ್ಟಿದರು. "ಕಾದ ಮರಳಾಗ ಬಿದ್ದಳು, ದಪ್ಪಾಗಿ ಎದ್ದಳು, ದಪ್ಪಾದಷ್ಟೂ ಹಗುರಾದಳು. ಯಾರು ಹೇಳು?"

ನಮ್ಮ ಕಡೆ ಒಗಟಿಗೊಂದು ರಿವಾಜು ಇದೆ. ಉತ್ತರ ಹೊಳೆಯದವರು ಸೋಲೊಪ್ಪಿಕೊಂಡು ಒಂದು ಊರು ಕೊಡಬೇಕು. "ಇಂಥ ಊರು ಕೊಟ್ಟೆ" ಎಂದ ಮೇಲೆಯೇ ಕೇಳಿದವರು ಬಾಯಿ ಬಿಡುವುದು. ಬಾಯಿಮಾತಿನ ಊರು, ಪಹಣಿ ಇಲ್ಲ, ಪತ್ರ ಇಲ್ಲ. ಆದರೂ ಕೊಡುವಾಗ ಹೊಟ್ಟೆ ಉರಿಯುತ್ತದೆ, ಮೊದಲೇ ನನಗೆ ಸೋಲುವುದೆಂದರೆ ಆಗದು. ಎಷ್ಟೋ ಹೊತ್ತು ತಲೆ ಕೆರೆದುಕೊಂಡು ಕೊನೆಗೆ ನಿಟ್ಟುವಳ್ಳಿ ಕೊಟ್ಟೆ. ಟೀಚರ್ ಬೆರಳು ಬಿಚ್ಚಿದರು. ಬಿಚ್ಚಿದ ಅದೇ ಕೈಯನ್ನು ನನ್ನ ಕೀಬೋರ್ಡಿನ ಪಕ್ಕದಲ್ಲಿದ್ದ ಪೊಟ್ಟಣಕ್ಕೆ ಹಾಕಿ ಒಂದು ಹಿಡಿ ಮಂಡಕ್ಕಿ ತೆಗೆದು ಬಾಯಿಗೆ ಹಾಕಿಕೊಂಡರು. ಬೆಳಗಿನಿಂದ ನಾನು ತಿನ್ನುತ್ತಿದ್ದುದೂ ಅದನ್ನೇ.

ಅವರಿಗೆ ಬೇಕಿದ್ದುದು ಎರಡು ಪುಸ್ತಕ. ಒಂದರಲ್ಲಿ ಒಗಟು ಮಾತ್ರ, ಇನ್ನೊಂದರಲ್ಲಿ ಉತ್ತರ ಮಾತ್ರ. ಎರಡೂ ಒಟ್ಟಿಗೆ ಬರುವಂತಿಲ್ಲ. ಒಗಟಿನದು ಈ ಯುಗಾದಿಗೆ ಬಂದರೆ ಉತ್ತರದ್ದು ಮುಂದಿನ ಯುಗಾದಿಗೆ. ಇದನ್ನು ಕೇಳಿ, ಪುಸ್ತಕ ಹಾಕಲು ಒಪ್ಪಿದ್ದ ಪ್ರಕಾಶಕರು ಕುರ್ಚಿಯಲ್ಲೇ ಚಡಪಡಿಸಿದರು. ದಾವಣಗೆರೆಯವರೇ ಆದ ಆತ ಶಾಲಾ ಗೈಡುಗಳನ್ನು ಅಚ್ಚು ಹಾಕಿ ಬೆಳೆದವರು. ಉತ್ತರವಿಲ್ಲದ ಪುಸ್ತಕವನ್ನು ಜನ್ಮದಲ್ಲಿ ಕಂಡಿರಲಿಲ್ಲ. "ಕೊನೇ ಪುಟದಾಗ ಸಣ್ಣಕ್ಷರದಾಗ ಹಾಕಿಬಿಡಾಣ್ರಿ ಟೀಚರ್, ಬೇಕಾದ್ರೆ ತಲೆಕೆಳಗು ಮಾಡಿ" ಎಂದು ಅಂಗಲಾಚಿದರು.

"ಹಿಂದಿನ ಪುಟದಾಗ ಉತ್ತರ ಇದ್ರೆ ಯಾರು ಯೋಚನೆ ಮಾಡ್ತಾರ್ರಿ? ಉತ್ತರ ಸಿಗದಿದ್ರೆ ಹುಡುಗರು ಅಜ್ಜಿನ ಕೇಳ್ತಾರ, ಅಂಗಡಿಯೋರ್ನ ಕೇಳ್ತಾರ. ಪುಸ್ತಕ ಬಾಯಿ ಮುಚ್ಕೊಂಡಿದ್ರೆ ಮನೆಯೋರು ಬಾಯಿ ಬಿಡ್ತಾರೆ. ಒಂದು ವರ್ಷ ಬಿಡ್ರಿ ನೀವು."

ಬಿಟ್ಟರು. ಟೀಚರಿಂದ ಅಕ್ಷರ ಕಲಿತವರೇ ಅರ್ಧ ಹರಿಹರ ತುಂಬಿದ್ದಾರೆ, ಪುಸ್ತಕ ಹೇಗೂ ಖರ್ಚಾಗುತ್ತದೆ ಎಂಬ ಧೈರ್ಯ ಅವರಿಗಿತ್ತೆಂದು ಕಾಣುತ್ತದೆ.

ಮುಖಪುಟಕ್ಕೆ ನಾನು ಜೀವ ತೇಯ್ದು ಚಿತ್ರ ಬರೆದೆ. ಒಂದು ಕಡೆ ಮೊರದ ತುಂಬ ಮಂಡಕ್ಕಿ, ಮೂಲೆಗೆ ಒರಗಿದ ಕಸಬರಿಗೆ, ಮುಂದೆ ರುಬ್ಬುವ ಕಲ್ಲು, ಮೇಲೆ ಗೂಡಿನಲ್ಲೊಂದು ದೀಪ. ಬಣ್ಣ ನೋಡಿ ನನಗೇ ಹೆಮ್ಮೆಯಾಗಿತ್ತು. ಟೀಚರ್ ಕನ್ನಡಕ ಏರಿಸಿ ನೋಡಿದರು.

"ಭಾಳ ಚಂದ ಐತವ್ವ. ಇನ್ನ ಒಳಗಿನ ಪುಸ್ತಕ ಯಾಕ ಬೇಕು?"

ಆಗ ಹೊಳೆಯಿತು ನನಗೆ. ಒಗಟಿನ ಪುಸ್ತಕದ ಮೇಲೆ ಉತ್ತರಗಳನ್ನೆಲ್ಲ ಅಂದವಾಗಿ ಜೋಡಿಸಿಟ್ಟಿದ್ದೆ. ಯಾವ ಬೆಪ್ಪನೂ ಮಾಡದ ಕೆಲಸ. ಕೇಳುವ ಮೊದಲೇ ವಿನೋಬನಗರ ಕೊಟ್ಟೆ.

ಎರಡನೆಯ ಸಲ ಜಾಣತನ ಮಾಡಿದೆ. ಹರಿಹರದಲ್ಲಿ ಒಂದೇ ಮೈಯಲ್ಲಿ ಇಬ್ಬರು ದೇವರಿದ್ದಾರೆ. ಒಂದು ಪುಸ್ತಕಕ್ಕೆ ಹರಿಯ ಅರ್ಧ, ಇನ್ನೊಂದಕ್ಕೆ ಹರನ ಅರ್ಧ, ಪಕ್ಕಪಕ್ಕ ಇಟ್ಟರೆ ಪೂರ್ತಿ ಸ್ವಾಮಿ. "ಹರಿಹರ ಅಂದ್ರೆ ಎಲ್ಲಾರೂ ಇದನ್ನೇ ಹಾಕ್ತಾರೆ. ಸೋಡಾ ಬಾಟ್ಲಿ ಮ್ಯಾಲೂ ಇದಾನೆ. ಸ್ವಾಮಿಗೂ ಒಂದು ದಿನ ರಜಾ ಬ್ಯಾಡವಾ?" ಎಂದರು. ಎಸ್.ಎಸ್. ಬಡಾವಣೆ ಹೋಯಿತು. ಅಲ್ಲಿಂದ ಮುಂದೆ ಅಕ್ಷರದ ಗಾತ್ರಕ್ಕೊಂದು, ಪುಟದ ಅಂಚಿಗೊಂದು, ವಾದದಲ್ಲಿ ಸೋತಾಗಲೆಲ್ಲ ಒಂದೊಂದು ಊರು ಕೊಡುತ್ತಾ ಹೋದೆ. ಕೊನೆಗೆ ಸುತ್ತಮುತ್ತಲಿನ ಸೀಮೆಯೆಲ್ಲ ಟೀಚರದ್ದಾಯಿತು. ನಾನು ಕೂತ ಅಂಗಡಿಯೇ ಅವರ ಊರಿನಲ್ಲಿತ್ತು. "ನನ್ನ ಊರಾಗ ಕೂತೀಯ, ಒಂದು ಚಾ ಆದ್ರೂ ತರಿಸು" ಎನ್ನುವರು. ಹರಿಹರ ಕೊಡುತ್ತೇನೆಂದು ನಾನೊಮ್ಮೆ ಹೇಳಿದ್ದಕ್ಕೆ, "ಅದು ಮೊದ್ಲೇ ನಂದು. ನಂದನ್ನ ನನಗೇ ಕೊಡ್ತೀಯಾ?" ಎಂದು ನಕ್ಕಿದ್ದರು. ತಾವು ಮಾತ್ರ ಒಂದೇ ಒಂದು ಊರನ್ನೂ ಯಾರಿಗೂ ಕೊಟ್ಟವರಲ್ಲ.

ಚಿತ್ರ ಸಿಕ್ಕಿದ್ದು ಆಮೇಲೆ. ಅಂಗಡಿಯಲ್ಲಿ ಕಾರ್ಡಿಗಾಗಿ ಕಾಯುತ್ತಿದ್ದ ಒಬ್ಬಾಕೆಗೆ ಟೀಚರ್ ಒಗಟು ಹಾಕುತ್ತಿದ್ದರು. ಆಕೆ ಉತ್ತರಕ್ಕೆ ಸೂರು ನೋಡಲಿಲ್ಲ, ಟೀಚರ ಮುಖ ನೋಡಲಿಲ್ಲ. ಆ ಮುಷ್ಟಿಯನ್ನೇ ದಿಟ್ಟಿಸುತ್ತಿದ್ದಳು. ನಾನು ಎದ್ದು ಹೋಗಿ ಫೋನಿನಲ್ಲಿ ಮುಷ್ಟಿಯ ಫೋಟೋ ತೆಗೆದುಕೊಂಡೆ. ಒಗಟಿನ ಪುಸ್ತಕಕ್ಕೆ ಮುಚ್ಚಿದ ಮುಷ್ಟಿ, ಉತ್ತರದ ಪುಸ್ತಕಕ್ಕೆ ಬಿಚ್ಚಿದ ಅಂಗೈ. ಟೀಚರ್ ಹೂಂ ಎಂದು ತಲೆಯಾಡಿಸಿದರು. ಹಾಗಾದರೆ ಬಿಚ್ಚಿದ್ದನ್ನೂ ಈಗಲೇ ತೆಗೆದಿಟ್ಟುಕೊಳ್ಳುತ್ತೇನೆ ಎಂದರೆ ಒಪ್ಪಲಿಲ್ಲ.

"ಅದು ಮುಂದಿನ ಯುಗಾದಿಗೆ. ಈಗ್ಲೇ ನಿನಗೆ ತೋರಿಸಿದ್ರೆ ಏನು ಚಂದ?"

ಒಳಪುಟಗಳಲ್ಲೂ ಅವರದೇ ಹಟ. ಪುಟಕ್ಕೊಂದೇ ಒಗಟು, ಮೇಲ್ಭಾಗದಲ್ಲಿ, ಕೆಳಗೆಲ್ಲ ಬಿಳಿ. "ಆ ಜಾಗ ಹುಡುಗರದ್ದು, ಅದರಾಗ ಕೈ ಹಾಕಬ್ಯಾಡ." ಉತ್ತರದ ಪುಸ್ತಕದಲ್ಲಿ ಮೇಲೆ ಬಿಳಿ ಬಿಟ್ಟು ಕೆಳಗೆ ಉತ್ತರ ಹಾಕುವುದು ನನ್ನ ಯೋಚನೆ: ಎರಡೂ ಪುಸ್ತಕದ ಅದೇ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಒಗಟೂ ಉತ್ತರವೂ ಒಂದೇ ಪುಟದಲ್ಲಿ ಕೂರುತ್ತವೆ. ಕಿಟಕಿಗೆ ಹಿಡಿದು ತೋರಿಸಿ, ಈಗಲಾದರೂ ಒಂದು ಊರು ಕೊಡಿ ಎಂದೆ. "ಇದು ನಿನ್ನ ಕೆಲಸ. ಕೆಲಸಕ್ಕೆಲ್ಲಾ ಊರು ಕೊಡ್ತಾರೇನು?" ಎಂದುಬಿಟ್ಟರು. ಆದರೆ ಹಾಳೆಗಳನ್ನು ಬಹಳ ಹೊತ್ತು ಬೆಳಕಿಗೆ ಹಿಡಿದುಕೊಂಡೇ ನಿಂತಿದ್ದರು.

ಒಗಟಿನ ಪುಸ್ತಕ ಯುಗಾದಿಗೆ ಬಂತು. ಕಡೆಯ ಪುಟದಲ್ಲಿ ಟೀಚರ್ ಒಂದೇ ಸಾಲು ಹಾಕಿಸಿದ್ದರು: ಉತ್ತರ ಮುಂದಿನ ಯುಗಾದಿಗೆ, ಅಲ್ಲಿಯವರೆಗೆ ಮನೆಯವರನ್ನು ಕೇಳಿ. ಆಮೇಲೆ ಅವರ ಮನೆಗೆ ಬಂದ ಫೋನುಗಳ ಕಥೆಯನ್ನು ಅವರ ಸೊಸೆ ಈಗಲೂ ಹೇಳುತ್ತಾಳೆ. ಮಕ್ಕಳಿಗಿಂತ ಅಪ್ಪ ಅಮ್ಮಂದಿರೇ ಹೆಚ್ಚು. ಎಲ್ಲರಿಗೂ ಒಂದೇ ಜವಾಬು, "ಊರು ಕೊಡ್ರಿ." ಕೊಟ್ಟರೂ ಉತ್ತರವಿಲ್ಲ, ಯುಗಾದಿಗೆ ಬರ್ರಿ ಎಂದು ಇಟ್ಟುಬಿಡುವರು. ಒಬ್ಬ ಆಟೋದವನು ಮಗಳ ಕಾಟ ತಾಳದೆ ಮನೆ ಮುಂದೆ ಗಾಡಿ ನಿಲ್ಲಿಸಿ ರಾಣೆಬೆನ್ನೂರು ಕೊಟ್ಟನಂತೆ. "ಹೊಳೆ ಆಚೇದು ಬ್ಯಾಡಪ್ಪ, ಜಿಲ್ಲೆ ಬ್ಯಾರೆ" ಎಂದು ವಾಪಸು ಕೊಟ್ಟು ಕಳಿಸಿದರಂತೆ.

ಸಂಕ್ರಾಂತಿಯ ಹೊತ್ತಿಗೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತು ತೊದಲುತ್ತಿತ್ತು, ಬಲಗೈ ಮುಷ್ಟಿ ಕಟ್ಟಿ ಎದೆಗೆ ಒರಗಿಬಿಟ್ಟಿತ್ತು. ಹೆಬ್ಬೆರಳು ಒಳಗೇ. ನೋಡಿ ನಾನು ಹೊರಗಿನ ಜಗುಲಿಗೆ ಬಂದು ಅತ್ತೆ.

ಇನ್ನೊಂದು ಸಲ ಹೀಗಾದರೆ ಕಷ್ಟವೆಂದು ಡಾಕ್ಟರು ಹೇಳಿದ್ದರು. ಉತ್ತರದ ಪುಸ್ತಕದ ಒಳಪುಟಗಳೆಲ್ಲ ಸಿದ್ಧವಿದ್ದವು, ಮುಖಪುಟ ಮಾತ್ರ ಬಾಕಿ. ಈಗಲೇ ಅಚ್ಚು ಹಾಕೋಣ, ಅವರು ಕಣ್ತುಂಬ ನೋಡಲಿ ಎಂದು ಪ್ರಕಾಶಕರೂ ಸೊಸೆಯೂ ನನ್ನನ್ನು ಮುಂದೆ ಮಾಡಿದರು. ನನಗೂ ಅದೇ ಆಸೆ. ಮಂಚದ ಪಕ್ಕ ಕೂತು ಹೇಳಿದೆ.

ಟೀಚರ್ ಒಂದೊಂದೇ ಅಕ್ಷರ ಎತ್ತಿ ಇಟ್ಟಂತೆ ಹೇಳಿದರು: "ಯು-ಗಾ-ದಿ."

"ಅಲ್ಲಿತನಕ..." ಎಂದವಳು ಮಾತು ಬದಲಿಸಿದೆ. "ನೀವು ನೋಡಬ್ಯಾಡವಾ ಟೀಚರ್?"

"ಹುಡುಗರಿಗೆ... ಹೇಳೀನಲ್ಲ. ಇನ್ನೂ ಕೇಳ್ತಾ ಅದಾವ. ಕೇಳ್ಲಿ."

ಸಿಟ್ಟು ಬಂತು. ತಮ್ಮ ಪುಸ್ತಕವನ್ನು ತಾವೇ ನೋಡಲಾಗದಂತೆ ಒಬ್ಬರು ಹೀಗೆ ಹಟ ಹಿಡಿದರೆ ಮತ್ತೇನು ಬರುತ್ತದೆ? ಬಸ್ಸಿನಲ್ಲಿ ದಾವಣಗೆರೆಯವರೆಗೂ ಮನಸ್ಸಿನಲ್ಲೇ ಅವರೊಂದಿಗೆ ಜಗಳವಾಡಿದೆ. ಅಂಗಡಿ ಬರುವ ಹೊತ್ತಿಗೆ, ಉತ್ತರ ಮುಂದಿನ ಯುಗಾದಿಗೆ ಎಂಬ ಕೊನೆಯ ಪುಟದ ಸಾಲನ್ನು ಟೈಪ್ ಮಾಡಿದವಳು ನಾನೇ ಎನ್ನುವುದು ನೆನಪಾಗಿ ತಣ್ಣಗಾದೆ.

ಉಳಿದದ್ದು ಮುಖಪುಟ. ಬಿಚ್ಚಿದ ಅಂಗೈ ಎಲ್ಲಿಂದ ತರುವುದು? ಸೊಸೆಯ ಅಂಗೈಯನ್ನು ತೆಗೆದು ಕೂರಿಸಿದೆ. ಪರದೆಯ ಮೇಲೆ ಕೈ ಎತ್ತಿ ನಿಂತದ್ದು ಸೀದಾ ಚುನಾವಣೆಯ ಬ್ಯಾನರು. ಪಕ್ಕದಲ್ಲೊಬ್ಬ ಅಭ್ಯರ್ಥಿ ಕೈಮುಗಿದು ನಿಲ್ಲುವುದೊಂದೇ ಬಾಕಿ. ಪ್ರಕಾಶಕರು ಹೌಹಾರಿದರು. "ಶಾಲೆಯೊಳಗೆ ಬಿಡ್ತಾರೇನವ್ವ ಇದನ್ನ?" ನನ್ನದೇ ಅಂಗೈ ಇಟ್ಟು ನೋಡಿದೆ, ಅಡ್ಡ ಮಲಗಿಸಿ ನೋಡಿದೆ. ಯಾವುದೂ ಆ ಮುಷ್ಟಿಯಿಂದ ಬಿಚ್ಚಿಕೊಂಡ ಕೈ ಅನ್ನಿಸಲಿಲ್ಲ.

ಮತ್ತೊಂದು ದಿನ ಹರಿಹರಕ್ಕೆ ಹೋದಾಗ ಟೀಚರ್ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕೈಗೆ ಡಾಕ್ಟರು ವ್ಯಾಯಾಮ ಹೇಳಿಕೊಟ್ಟಿದ್ದರಂತೆ. ಎಡಗೈಯಿಂದ ಬಲಗೈಯ ಕಿರುಬೆರಳನ್ನು ಹಿಡಿದು ನಿಧಾನಕ್ಕೆ ಬಿಡಿಸುತ್ತಿದ್ದರು, ಆಮೇಲೆ ಅದರ ಪಕ್ಕದ್ದು. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮತ್ತೆ ಮಡಚಿಕೊಳ್ಳುವುದು. ಅವರು ಬೇಸರಪಡದೆ ಮತ್ತೆ ಕಿರುಬೆರಳಿಗೆ ಬರುವರು. ಒಂದನೆಯ ತರಗತಿಯ ಮಗುವಿಗೆ ಅಕ್ಷರ ತಿದ್ದಿಸುವ ತಾಳ್ಮೆ ಅದು. ಫೋಟೋ ತೆಗೆಯಲಾ ಎಂದು ನಾನು ಕೇಳಲಿಲ್ಲ. ಅವರೇ ನನ್ನ ಫೋನಿನ ಕಡೆ ಗದ್ದ ತೋರಿಸಿದರು.

ಚಿತ್ರ ಬರೆದು, ಬಣ್ಣದಲ್ಲಿ ಪ್ರಿಂಟ್ ತೆಗೆದು ಒಯ್ದೆ. ಬಿಳಿ ಹಾಳೆಯ ನಡುವೆ ಎರಡು ಕೈ. ಎಡಗೈ ಬಲಗೈಯನ್ನು ಬಿಚ್ಚುತ್ತಿದೆ. ಎರಡು ಬೆರಳು ತೆರೆದಿವೆ, ಉಳಿದವು ಇನ್ನೂ ಮುಚ್ಚಿವೆ. ಸುತ್ತ ಬೇರೇನೂ ಇಲ್ಲ. ಪುಸ್ತಕದ ಹೆಸರನ್ನೂ ಕೆಳಗೆ ಸಣ್ಣದಾಗಿ ಇಟ್ಟಿದ್ದೆ. ಟೀಚರ್ ಮೊದಲ ಪುಸ್ತಕ ತರಿಸಿ ಪಕ್ಕದಲ್ಲಿ ಇಟ್ಟುಕೊಂಡರು. ಇದನ್ನು ನೋಡಿದರು, ಅದನ್ನು ನೋಡಿದರು. ನಾನು ಮತ್ತೆ ಸೋತೆನೆಂದೇ ತಿಳಿದು ಕೊಡಲು ಯಾವ ಊರು ಉಳಿದಿದೆಯೆಂದು ಲೆಕ್ಕ ಹಾಕತೊಡಗಿದೆ.

"ಸೋತೆ ಕಣವ್ವ" ಎಂದರು ಟೀಚರ್. ಸೊಟ್ಟಗಾದ ತುಟಿಯಲ್ಲಿ ನಗು ಒಂದೇ ಕಡೆ ಬರುತ್ತಿತ್ತು. "ಹರಿಹರ ತಗಾ."

ಶಿವರಾತ್ರಿ ಕಳೆದು ಕೆಲವು ದಿನಕ್ಕೆ ಟೀಚರ್ ತೀರಿಕೊಂಡರು. ಉತ್ತರದ ಪುಸ್ತಕಕ್ಕೆ ಆಗಲೂ ಯಾರೂ ಅವಸರ ಮಾಡಲಿಲ್ಲ. ಯುಗಾದಿಯ ಬೆಳಿಗ್ಗೆ ಹರಿಹರದ ಅವರ ಜಗುಲಿಯಲ್ಲೇ ಕಟ್ಟು ಬಿಚ್ಚಿದೆವು. ಬೇವು ಬೆಲ್ಲ ತಿಂದ ಬಾಯಲ್ಲೇ ಜನ ಬಂದರು. ಆಟೋದವನು ಮಗಳನ್ನು ಕರೆದುಕೊಂಡು ಬಂದಿದ್ದ. ಮಕ್ಕಳು ಎರಡೂ ಪುಸ್ತಕ ಹಿಡಿದು, ಹೇಳಿಕೊಡದಿದ್ದರೂ ಹಾಳೆಗಳನ್ನು ಬಿಸಿಲಿಗೆ ಹಿಡಿದು ನೋಡತೊಡಗಿದರು. ಇದನ್ನು ಅವರು ನೋಡಬೇಕಿತ್ತು. ಈಗಲೂ ನನಗೆ ಹಾಗೇ ಅನ್ನಿಸುತ್ತದೆ, ಅವರ ಹಟ ಸರಿಯೆಂದು ಗೊತ್ತಿದ್ದೂ.

ಈಗ ನನ್ನ ಅಂಗಡಿಗೆ ಪುಸ್ತಕದ ಕೆಲಸವೇ ಹೆಚ್ಚು ಬರುತ್ತದೆ. ಇಷ್ಟೊಂದು ಖಾಲಿ ಯಾಕೆ ಬಿಟ್ಟಿದ್ದೀರಿ ಎಂದು ಕೇಳುವವರಿಗೆ ನಾನು "ಆ ಜಾಗ ಹುಡುಗರದ್ದು" ಎಂಬ ಟೀಚರ ಮಾತನ್ನೇ ಹೇಳುತ್ತೇನೆ. ಅನ್ನ ಕೊಟ್ಟ ಮಾತು ಅದು.

ಆ ಯುಗಾದಿಯ ದಿನ ಆಟೋದವನ ಮಗಳು ತನ್ನ ಒಗಟಿನ ಪುಸ್ತಕವನ್ನು ನನಗೆ ತೋರಿಸಿದಳು. ಬಿಳಿ ಜಾಗದಲ್ಲಿ ಪೆನ್ಸಿಲಿನಿಂದ ತಾನೇ ಕಟ್ಟಿದ ಒಂದು ಒಗಟು ಬರೆದಿದ್ದಳು. ಓದಿ ಹೇಳಿ, ಪುಟ್ಟ ಮುಷ್ಟಿ ಕಟ್ಟಿ ನಿಂತಳು. ನನಗೆ ಉತ್ತರ ಹೊಳೆಯಲಿಲ್ಲ. "ಊರು ಕೊಡ್ರಿ ಆಂಟಿ" ಎಂದಳು. ದಾವಣಗೆರೆ ಸೀಮೆಯಲ್ಲಿ ನನ್ನದೆನ್ನುವ ಊರು ಒಂದೂ ಉಳಿದಿರಲಿಲ್ಲ; ಇದ್ದದ್ದು ಟೀಚರ್ ಕೊಟ್ಟಿದ್ದೊಂದೇ. ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಹರಿಹರದಲ್ಲಿ ಬಸ್ಸಿಳಿದಾಗಲೆಲ್ಲ ಅವಳು ಎಲ್ಲಿಂದಲೋ ನೋಡಿ, ಆಟೋದಿಂದ ಕೈ ಹೊರಗೆ ಹಾಕಿ ಮುಷ್ಟಿ ತೋರಿಸುತ್ತಾಳೆ. ನಾನು ಇನ್ನೂ ಯೋಚಿಸುತ್ತಲೇ ಇದ್ದೇನೆ. ಹರಿಹರ ಮಾತ್ರ ಕೊಟ್ಟಿಲ್ಲ.